ಮಡ್ಡಿಯ ಹುಲ್ಲಿಗೆ ಲೆಕ್ಕವಿಲ್ಲ

ವಿಜಯಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದು. ಹುಬ್ಬಿ, ಉತ್ತರಿ ಮಳೆ ಹೊಡೆದರೆ ಹೊಡೆದವು, ಇಲ್ಲವಾದರೆ ಆ ವರ್ಷ ಹಗೇವು ಖಾಲಿ. ಅದೇ ಹೊತ್ತಿಗೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಹಿಂಗಾರಿ ಹೊಲಗಳನ್ನು ನೋಡಬೇಕು. ಬೇಸಿಗೆಯಲ್ಲಿ ರಂಟೆ ಹೊಡೆದು, ಮಿರಗದ ಮಳೆ ಬಿದ್ದಂದಿನಿಂದ ಮೂರು ನಾಲ್ಕು ಸಲ ಕುಂಟೆ ಹಾಯಿಸಿ, ಒಂದು ಕಡ್ಡಿ ಕಸ ಉಳಿಯದಂತೆ ಹರಗಿ ಇಟ್ಟಿರುತ್ತಾರೆ. ಬಿಳಿಜೋಳ ಬಿತ್ತುವುದು ಮಳೆಗಾಲ ಮುಗಿಯುತ್ತ ಬಂದಾಗ. ಜೋರು ಮಳೆ ಬರುವಾಗ ನೆಲ ಬೋಳು. ನೆಲದ ಮೇಲೆ ಬೆಳೆ ನಿಂತಾಗ ಆಕಾಶ ಬೋಳು.

ಇದರಲ್ಲಿ ರೈತನ ತಪ್ಪೇನೂ ಇಲ್ಲ. ಎರೆ ಭೂಮಿಯಲ್ಲಿ ಹಸಿ ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ಜೋಳ, ಕಡಲೆ, ಕುಸುಬೆ ತೆಗೆಯುವ ಈ ಪದ್ಧತಿ ನೂರಾರು ವರ್ಷಗಳಿಂದ ಈ ಸೀಮೆಯ ಜನರ ಹೊಟ್ಟೆ ತುಂಬಿಸಿದೆ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಆರಿಸಿದ ಬೆರಳೆಣಿಕೆಯ ಕೇಂದ್ರಗಳಲ್ಲಿ ಸೊಲ್ಲಾಪುರ, ಹಗರಿ, ರಾಯಚೂರುಗಳ ಜೊತೆ ವಿಜಯಪುರವೂ ಇತ್ತು. ಅಲ್ಲಿ ಕಂಡುಕೊಂಡದ್ದೂ ಬಹುಪಾಲು ಇದನ್ನೇ: ಒಡ್ಡು ಹಾಕು, ಹರಗು, ಸಾಲಿನ ನಡುವೆ ಅಂತರ ಬಿಡು, ಬೀಜ ಕಡಿಮೆ ಹಾಕು. ಆದರೆ ಹರಗಿದ ಹೊಲದ ಬೆಲೆಯನ್ನು ಮಣ್ಣು ಕೊಡುತ್ತದೆ. ಹೈದರಾಬಾದ್ ಹತ್ತಿರದ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆ 1976ರಲ್ಲಿ ಎರೆ ಮಣ್ಣಿನ ಎರಡು ಜಲಾನಯನಗಳನ್ನು ಅಕ್ಕಪಕ್ಕ ಇಟ್ಟು ಅಳೆಯಲು ಶುರುಮಾಡಿತು. ಮಳೆಗಾಲದಲ್ಲಿ ಪಡ ಬಿಟ್ಟು ಹಿಂಗಾರಿಗೆ ಬಿತ್ತಿದ ಕಡೆ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 6.4 ಟನ್ ಮಣ್ಣು ಹೋಯಿತು. ಅಗಲ ಮಡಿ ಮಾಡಿ, ಮಳೆಗಾಲದಲ್ಲೂ ಬೆಳೆ ಇಟ್ಟ ಕಡೆ ಹೋದದ್ದು 1.5 ಟನ್. ಇಡೀ ದೇಶದ ಸರಾಸರಿ 16 ಟನ್ ಎಂದು 1980ರ ದಶಕದ ಅಂದಾಜು ಹೇಳುತ್ತದೆ. ಇಳಿಜಾರಿನ ನೆಲಗಳ ಲೆಕ್ಕ ಅದಕ್ಕೂ ಮೇಲೆ ಹೋಗುತ್ತದೆ.

ಎರೆ ಮಣ್ಣಿನ ಸ್ವಭಾವವೂ ವಿಚಿತ್ರ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು. ಮೊದಲ ಮಳೆಯ ನೀರನ್ನೆಲ್ಲ ಆ ಬಿರುಕು ನುಂಗಿಬಿಡುತ್ತದೆ. ಒಮ್ಮೆ ಮಣ್ಣು ಉಬ್ಬಿ ಬಿರುಕು ಮುಚ್ಚಿತೋ, ಆಮೇಲೆ ನೀರು ಇಂಗುವುದು ಗಂಟೆಗೆ ಕೆಲವೇ ಮಿಲಿಮೀಟರ್. ಉಳಿದದ್ದೆಲ್ಲ ಮೇಲ್ಮಣ್ಣನ್ನು ಕಲಸಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಹಾಗೆ ಇಳಿದ ಮಣ್ಣೇ ಡೋಣಿ ದಂಡೆಯ ಆಳದ ಎರೆ. ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಸೀಳಿಕೊಂಡು ಕೃಷ್ಣೆಗೆ ಸೇರುವ ಈ ಉಪ್ಪುನೀರಿನ ಹೊಳೆಯ ಬಗ್ಗೆ ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎನ್ನುವ ಗಾದೆ ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ಓಣಿ ತುಂಬಿದ ಆ ಜೋಳ ಎಲ್ಲಿಯ ಮಣ್ಣಿನದು ಎಂದು ಕೇಳಿದರೆ ಬೆರಳು ತೋರಿಸಬೇಕಾದದ್ದು ಮೇಲಿನ ಮಡ್ಡಿಯ ಕಡೆಗೆ.

ನನ್ನ ಮಾತು ಆ ಮಡ್ಡಿಯದು. ಅದರ ಮೇಲೆ ಏನು ಬೆಳೆಯುತ್ತದೆ, ಏನು ಬೆಳೆಯುತ್ತಿತ್ತು, ನಾವು ನೆಲವನ್ನು ಬಳಸುವ ರೀತಿ ಬದಲಾದಂತೆ ಅಲ್ಲಿಯ ಗಿಡ, ಹುಲ್ಲು, ಕಂಟಿಗಳ ಒಕ್ಕೂಟ ಹೇಗೆ ಬದಲಾಯಿತು ಎಂಬುದು ಈ ನಾಲ್ಕು ತಾಲ್ಲೂಕುಗಳ ಇತಿಹಾಸದ ಅರ್ಧ ಭಾಗ. ಉಳಿದರ್ಧ ಆಲಮಟ್ಟಿ ಆಣೆಕಟ್ಟೆಯದು, ಅದನ್ನು ಎಲ್ಲರೂ ಬರೆದಿದ್ದಾರೆ.

ಈ ಸೀಮೆಯ ನೆಲ ದೂರದಿಂದ ಚಪ್ಪಟೆ ಕಂಡರೂ ಮೆಟ್ಟಿಲು ಮೆಟ್ಟಿಲಾಗಿದೆ. ಕರಿಕಲ್ಲಿನ ಪದರಗಳ ಮೇಲೆ ಗೇಣುದ್ದ ಮಣ್ಣು, ಅದರ ಕೆಳಗೆ ಗರಸು: ಇದು ಮಡ್ಡಿ. ಇಳಿಜಾರಿನ ನಡುವೆ ಮೊಳ, ಎರಡು ಮೊಳ ಆಳದ ಮಣ್ಣು. ತಗ್ಗಿನಲ್ಲಿ ಆಳು ಮುಳುಗುವ ಎರೆ. ಆಲಮಟ್ಟಿಯ ಹತ್ತಿರ ಬಂದಂತೆ ಕರಿಕಲ್ಲು ಮುಗಿದು ಗ್ರಾನೈಟ್, ಮರಳುಗಲ್ಲಿನ ಗುಡ್ಡ, ಮಸಾರಿ ನೆಲ ಶುರುವಾಗುತ್ತದೆ. ಯಾವ ನೆಲಕ್ಕೆ ಯಾವ ಗಿಡ ಎಂಬುದನ್ನು ಇಲ್ಲಿ ಮಣ್ಣಿನ ಆಳವೇ ನಿರ್ಧರಿಸುತ್ತದೆ. ಎರೆಯಲ್ಲಿ ಕರಕಿ, ಜೇಕು. ಹಳ್ಳದ ದಂಡೆಗೆ ಕರಿಜಾಲಿ. ಹಿಂಗಾರಿ ಜೋಳದ ಸಾಲಿನ ನಡುವೆ, ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹಕ್ಕರಕಿ. ಮಡ್ಡಿಗೆ ಹತ್ತಿದರೆ ತಂಗಡಿ, ಬಾರಿ, ಕವಳಿ, ಕಾರಿಕಂಟಿ, ಅವುಗಳ ನಡುವೆ ಹುಲ್ಲು.

ಹುಲ್ಲು ಎಂದರೆ ಒಂದೇ ಹುಲ್ಲಲ್ಲ. 1973ರಲ್ಲಿ ಡಬಡಘಾವ್ ಮತ್ತು ಶಂಕರನಾರಾಯಣ ಎಂಬ ಇಬ್ಬರು ವಿಜ್ಞಾನಿಗಳು ದೇಶದ ಹುಲ್ಲುಗಾವಲುಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ದಖ್ಖನ್ ಪ್ರಸ್ಥಭೂಮಿಯದಕ್ಕೆ ಅವರು ಕೊಟ್ಟ ಹೆಸರು ‘ಸೆಹಿಮಾ-ಡೈಕಾಂತಿಯಮ್’. ಎರಡೂ ಬಹುವಾರ್ಷಿಕ ಹುಲ್ಲುಗಳು, ಒಮ್ಮೆ ಬೇರು ಬಿಟ್ಟರೆ ವರ್ಷಗಟ್ಟಲೆ ಅದೇ ಬುಡದಿಂದ ಚಿಗುರುತ್ತವೆ. ದನಕ್ಕೆ ಬಲು ಇಷ್ಟ. ಇಷ್ಟ ಎಂಬುದೇ ಅವುಗಳ ಗ್ರಹಚಾರ. ಮೇಯುವ ಬಾಯಿಗಳು ಹೆಚ್ಚಾದಂತೆ ಮೊದಲು ಕಾಣೆಯಾಗುವುದು ಇವು. ಇವುಗಳ ಜಾಗಕ್ಕೆ ಹೆಟೆರೊಪೋಗನ್ ಬರುತ್ತದೆ, ಎಳೆಯದಿದ್ದಾಗ ಮಾತ್ರ ದನ ತಿನ್ನುವ ಸೂಜಿಬೀಜದ ಹುಲ್ಲು. ಅದೂ ಸೋತರೆ ಹಂಚಿ ಹುಲ್ಲು, ಕಸಬರಿಗೆಗೆ ಬಂದೀತು, ಮೇವಿಗೆ ಬಾರದು. ಆಮೇಲೆ ತಂಗಡಿಯಂಥ ದನ ಮುಟ್ಟದ ಗಿಡಗಳು, ಒಂದು ಮಳೆಗೆ ಹುಟ್ಟಿ ಒಂದು ಬಿಸಿಲಿಗೆ ಸಾಯುವ ಪುಡಿ ಹುಲ್ಲು, ನೆಗ್ಗಿಲ ಮುಳ್ಳು. ಕೊನೆಗೆ ಗರಸು. ಕುರಿ ಕಾಯುವವರಿಗೆ ಈ ಮೆಟ್ಟಿಲುಗಳು ಲ್ಯಾಟಿನ್ ಹೆಸರಿಲ್ಲದೆಯೂ ಗೊತ್ತು. ಯಾವ ಮಡ್ಡಿಯಲ್ಲಿ ಹಿಂಡನ್ನು ಎಷ್ಟು ದಿನ ನಿಲ್ಲಿಸಬಹುದು ಎಂದು ಅವರು ಹುಲ್ಲು ನೋಡಿಯೇ ಹೇಳುತ್ತಾರೆ.

ಸವೆದ ಮಡ್ಡಿಯೊಂದರ ಮೇಲೆ ಕುಕ್ಕರಗಾಲಿನಲ್ಲಿ ಕೂತು ಒಂದು ಹುಲ್ಲಿನ ಬುಡವನ್ನು ನೋಡಿ. ಬುಡ ಒಂದು ಸಣ್ಣ ದಿಬ್ಬದ ಮೇಲೆ ಕೂತಿರುತ್ತದೆ, ಸುತ್ತಲಿನ ನೆಲಕ್ಕಿಂತ ಮೂರು ನಾಲ್ಕು ಬೆರಳು ಎತ್ತರ. ಹುಲ್ಲು ಎತ್ತರಕ್ಕೆ ಹತ್ತಿದ್ದಲ್ಲ. ಸುತ್ತಲಿನ ಮಣ್ಣು ಹೋಗಿದೆ, ಬೇರು ಹಿಡಿದಿಟ್ಟ ಮಣ್ಣು ಮಾತ್ರ ಉಳಿದಿದೆ. ನೆಲ ಮೊದಲು ಎಲ್ಲಿತ್ತು ಎಂಬುದಕ್ಕೆ ಆ ಬುಡವೇ ಗುರುತು. ದಿಬ್ಬದ ಮೇಲುಗಡೆ, ನೀರು ಬರುವ ದಿಕ್ಕಿಗೆ, ಒಣಎಲೆ, ಕುರಿಹಿಕ್ಕೆ, ನುಣುಪು ಮಣ್ಣು ಸೇರಿಕೊಂಡಿರುತ್ತದೆ. ಹೊಸ ಸಸಿ ಏನಾದರೂ ಹುಟ್ಟಿದ್ದರೆ ಅಲ್ಲೇ. ಎರಡು ಬುಡಗಳ ನಡುವಿನ ಜಾಗದಲ್ಲಿ ಮಳೆಹನಿ ಬಡಿದು ಬಡಿದು ಹೆಪ್ಪುಗಟ್ಟಿದ ತೆಳು ಪದರ, ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುತ್ತದೆ. ಬೀಜ ಬಿದ್ದರೂ ಅದರೊಳಗೆ ಇಳಿಯಲಾರದು, ಮುಂದಿನ ಮಳೆಗೆ ತೇಲಿ ಹೋಗುತ್ತದೆ. ಕೊಚ್ಚಿಹೋದ ನೆಲದಲ್ಲಿ ಗಿಡಗಳು ಯಾಕೆ ತಾವಾಗಿ ಮರಳುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಆ ಚಕ್ಕೆಯಲ್ಲಿದೆ. ಮಣ್ಣಿನ ಜೊತೆ ಗೊಬ್ಬರವಷ್ಟೇ ಹೋಗುವುದಿಲ್ಲ, ಮಣ್ಣೊಳಗೆ ಮಲಗಿದ್ದ ಬೀಜಗಳೂ ಹೋಗುತ್ತವೆ, ಬೀಜ ಸಿಕ್ಕಿಕೊಳ್ಳುವ ಒರಟುತನವೂ ಹೋಗುತ್ತದೆ.

ಈ ಪದರವನ್ನು ಗೆಲ್ಲುವ ಬೀಜ ಯಾವುದಾದರೂ ಇದ್ದರೆ ಅದು ಹೆಟೆರೊಪೋಗನ್ನಿನದು. ಮೊನೆ ಸೂಜಿ, ಹಿಂದೆ ಎರಡು ಬೆರಳುದ್ದದ ಕಂದು ಬಾಲ. ಬಾಲ ಹಗ್ಗದ ಹುರಿಯಂತೆ ಸುತ್ತಿಕೊಂಡಿರುತ್ತದೆ. ರಾತ್ರಿಯ ಇಬ್ಬನಿಗೆ ಹುರಿ ಬಿಚ್ಚುತ್ತದೆ, ಹಗಲಿನ ಬಿಸಿಲಿಗೆ ಮತ್ತೆ ಸುತ್ತುತ್ತದೆ. ಹೀಗೆ ತಿರುಗಿ ತಿರುಗಿ ಸೂಜಿ ಒಂದು ಬಿರುಕು ಹುಡುಕಿ ನೆಲ ಕೊರೆದು ಇಳಿಯುತ್ತದೆ. ಅಂಗೈ ಮೇಲೆ ಒಂದು ಬೀಜ ಇಟ್ಟು ನಾಲ್ಕು ಹನಿ ನೀರು ಹಾಕಿದರೆ ಅದು ಹೊರಳುವುದು ಕಣ್ಣಿಗೇ ಕಾಣುತ್ತದೆ. ಶಾಲೆಯ ಮಕ್ಕಳಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಇನ್ನೊಂದಿಲ್ಲ. ಅದೇ ಸೂಜಿ ಕುರಿಯ ಉಣ್ಣೆ ಹೊಕ್ಕು ಚರ್ಮಕ್ಕೆ ಚುಚ್ಚುತ್ತದೆ, ಆದ್ದರಿಂದ ಕುರಿಗಾರರು ಅದನ್ನು ಬೈಯುತ್ತಾರೆ. ಬೈದರೂ, ಸವೆದ ಮಡ್ಡಿಗೆ ಹುಲ್ಲು ಮರಳುವಾಗ ಮುಂದೆ ಬರುವ ಬಹುವಾರ್ಷಿಕ ಹುಲ್ಲುಗಳಲ್ಲಿ ಅದು ಒಂದು.

ಮಡ್ಡಿ ಸವೆದದ್ದು ಹೇಗೆ? ಎಲ್ಲವನ್ನೂ ಕುರಿಯ ಬಾಯಿಗೆ ಹಾಕುವುದು ಸುಲಭ, ಸರಕಾರಿ ವರದಿಗಳು ಬಹಳ ಕಾಲ ಹಾಗೇ ಮಾಡಿದವು. ಆದರೆ ಕುರುಬರ ಹಿಂಡುಗಳು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಮಳೆಗಾಲಕ್ಕೆ ಒಂದು ಸೀಮೆ, ಸುಗ್ಗಿ ಮುಗಿದ ಮೇಲೆ ಎರೆ ಹೊಲಗಳಲ್ಲಿ ತರುಬುವುದು, ಗೊಬ್ಬರಕ್ಕೆ ಬದಲಾಗಿ ಕಾಳು. ಮಡ್ಡಿಗೆ ಉಸಿರಾಡಲು ಬಿಡುವು ಸಿಗುತ್ತಿತ್ತು. ಮುಂಬೈ ಆಡಳಿತದ ಕಾಲದಿಂದ ಪ್ರತಿ ಊರಿಗೂ ಗಾಯರಾಣ ಎಂದು ಮೇವಿನ ನೆಲ ಬಿಟ್ಟಿದ್ದರು. ಆ ಗಾಯರಾಣ ಒಂದೊಂದಾಗಿ ಕರಗಿತು. ಒಂದಷ್ಟು ಸಾಗುವಳಿಗೆ ಹೋಯಿತು, ಒಂದಷ್ಟು ಆಶ್ರಯ ಮನೆಗೆ, ಒಂದಷ್ಟರಲ್ಲಿ ಗರಸು ಅಗೆದರು. ರಸ್ತೆಗೂ ಕಾಲುವೆಯ ಏರಿಗೂ ಗರಸು ಬೇಕಲ್ಲ. ಕೂಡಗಿಯಲ್ಲಿ ಆಲಮಟ್ಟಿಯ ನೀರು ಕುಡಿದು 2,400 ಮೆಗಾವಾಟ್ ವಿದ್ಯುತ್ ಮಾಡುವ ಉಷ್ಣಸ್ಥಾವರವೂ ನೆಲ ಹಿಡಿದು ಎದ್ದು ನಿಂತಿತು. ಹಿಂಡು ಅಷ್ಟೇ ಇದ್ದು ನೆಲ ಅರ್ಧವಾದರೆ ತಪ್ಪು ಹಿಂಡಿನದಲ್ಲ.

ಇನ್ನೊಂದು ಕಡೆ ರಂಟೆ ಮೇಲಕ್ಕೆ ಹತ್ತಿತು. ಗೇಣು ಮಣ್ಣಿನ ಮಡ್ಡಿಯನ್ನು ಉತ್ತರೆ ನಾಲ್ಕಾರು ವರ್ಷ ಸಜ್ಜೆಯೋ ಮಡಿಕೆಯೋ ಬಂದೀತು. ಬರ ಬಿದ್ದ ವರ್ಷ ಪಡ ಬೀಳುತ್ತದೆ. ಉಳುಮೆಗೆ ಬಹುವಾರ್ಷಿಕ ಹುಲ್ಲಿನ ಬುಡ ಸತ್ತಿರುತ್ತದೆ, ಆದ್ದರಿಂದ ಪಡ ಬಿದ್ದ ನೆಲಕ್ಕೆ ಮರಳುವುದು ಮೊದಲಿನ ಹುಲ್ಲಲ್ಲ, ಪುಡಿ ಹುಲ್ಲು ಮತ್ತು ಕಾಂಗ್ರೆಸ್ ಕಸ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಂಡ ಈ ಕಸ ಇಂದು ಪಡ ನೆಲದ ಕಾಯಂ ರಹವಾಸಿ. ಸಾರ ಹೋದ ಜೋಳದ ಹೊಲಕ್ಕೆ ಇನ್ನೊಂದು ಶನಿ ಸ್ಟ್ರೈಗಾ. ಹೊರಗೆ ಗೇಣುದ್ದದ ಪಾಪದ ಗಿಡ, ಒಳಗೆ ಜೋಳದ ಬೇರಿಗೆ ಗಂಟುಬಿದ್ದು ರಸ ಹೀರುತ್ತದೆ. ಗೊಬ್ಬರ ಉಂಡ ಹೊಲದಲ್ಲಿ ಅದರ ಆಟ ಅಷ್ಟಾಗಿ ನಡೆಯದು.

ಮಣ್ಣು ಹಿಡಿಯುವ ಸರಕಾರಿ ಪ್ರಯತ್ನ ಇಲ್ಲಿ ಹಳೆಯದು. 1942ರಲ್ಲಿ ಮುಂಬೈ ಸರಕಾರ ಭೂಸುಧಾರಣಾ ಯೋಜನೆಗಳ ಕಾಯ್ದೆ ತಂದಿತು. ಆ ವರ್ಷವೇ ವಿಜಯಪುರ (ಆಗಿನ ಬಿಜಾಪುರ) ಜಿಲ್ಲೆಗೆ ಬರ ಬಡಿದಾಗ ಬರಗಾಲದ ಕಾಮಗಾರಿಯೆಂದು ಸಮಪಾತಳಿ ಒಡ್ಡು ಹಾಕಿಸಿದರು. ಗರಸು, ಮಸಾರಿ ನೆಲದಲ್ಲಿ ಒಡ್ಡು ನಿಂತವು. ಆಳದ ಎರೆಯಲ್ಲಿ ಮಾತ್ರ ಮಾತು ಬೇರೆ: ಬೇಸಿಗೆಯಲ್ಲಿ ಒಡ್ಡೇ ಬಿರಿಯುತ್ತದೆ, ಮಳೆಗೆ ಆ ಬಿರುಕಿನಲ್ಲಿ ನೀರು ನುಗ್ಗಿ ಒಡೆಯುತ್ತದೆ, ಒಡೆದ ಜಾಗದಲ್ಲಿ ಮೊದಲು ಇಲ್ಲದ ಕೊರಕಲು ಹುಟ್ಟುತ್ತದೆ. ಆಮೇಲೆ ಬಂದ ಚೌಕುಮಡಿ ಎರೆಗೆ ಹೆಚ್ಚು ಹೊಂದಿತು.

ಒಡ್ಡಿನಿಂದ ಆದ ಇನ್ನೊಂದು ಉಪಕಾರವನ್ನು ಎಂಜಿನಿಯರುಗಳು ಎಣಿಸಿರಲಿಲ್ಲ. ಉಳುಮೆ ತಾಗದ ನಾಲ್ಕೈದು ಅಡಿ ಅಗಲದ ಪಟ್ಟಿ ಹೊಲ ಹೊಲಕ್ಕೂ ಸಿಕ್ಕಿತು. ಗಾಯರಾಣದಲ್ಲಿ ಸೋತ ಹುಲ್ಲು ಒಡ್ಡಿನ ಮೇಲೆ ಉಳಿಯಿತು, ಹಕ್ಕಿ ಹಾಕಿದ ಬೀಜದಿಂದ ಬೇವು, ಬಾರಿ ಎದ್ದವು. ಎತ್ತು ಸಾಕಿದವನಿಗೆ ಒಡ್ಡಿನ ಹುಲ್ಲೆಂದರೆ ಬೆಲೆಬಾಳುವ ಮಾಲು. ಪಕ್ಕದವನು ಒಂದು ಹೊರೆ ಕೊಯ್ದರೆ ಜಗಳ ಪಂಚರ ಮುಂದೆ ಹೋಗುತ್ತಿತ್ತು. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಹುಲ್ಲಿಗೆ ಗಿರಾಕಿ ಇಲ್ಲ. ಅಣ್ಣತಮ್ಮಂದಿರು ಪಾಲಾದಾಗ ಒಡ್ಡು ಮೊಳ ಕಿರಿದಾಗುತ್ತದೆ, ಜೆಸಿಬಿ ಬಂದ ದಿನ ಪೂರಾ ಮಾಯ. ನನಗೆ ಕೇಳಿದರೆ ಈ ನಾಲ್ಕು ತಾಲ್ಲೂಕುಗಳ ಸಸ್ಯಸಂಪತ್ತಿಗೆ ಕಳೆದ ಮೂವತ್ತು ವರ್ಷಗಳಲ್ಲಿ ಬಿದ್ದ ದೊಡ್ಡ ಪೆಟ್ಟು ಮರ ಕಡಿದದ್ದಲ್ಲ, ಎತ್ತು ಮಾರಿದ್ದು.

ಇನ್ನು ಆಣೆಕಟ್ಟೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯ ಪೂರ್ಣ ರೂಪಕ್ಕೆ ಬಂದದ್ದು ನಲವತ್ತು ವರ್ಷಗಳ ಮೇಲೆ. ಈಗಿನ 519.60 ಮೀಟರ್ ಮಟ್ಟಕ್ಕೆ ಅದರಲ್ಲಿ ನಿಲ್ಲುವ ನೀರು 123 ಟಿಎಂಸಿ. ಮುಳುಗಿದ್ದು ಹೊಳೆದಂಡೆಯ ಆಳದ ಮಣ್ಣು. ಪುನರ್ವಸತಿ ಕೇಂದ್ರಗಳು ಎದ್ದದ್ದು ನೀರು ತಾಗದ ಎತ್ತರದ ನೆಲದಲ್ಲಿ. ಅಡುಗೆಗೆ ಸೌದೆ, ಆಡಿಗೆ ಮೇವು ಎಲ್ಲಕ್ಕೂ ಆ ತೆಳುಮಣ್ಣಿನ ಮಡ್ಡಿಯೇ ದಿಕ್ಕು.

ಜಲಾಶಯದ ಅಂಚು ಒಂದು ಬೇರೆಯೇ ಲೋಕ. ಆಗಸ್ಟಿನಲ್ಲಿ ತುಂಬಿದ ನೀರು ಬೇಸಿಗೆಗೆ ಹತ್ತು ಮೀಟರಿಗೂ ಹೆಚ್ಚು ಇಳಿಯುವ ವರ್ಷಗಳಿವೆ. ಆ ನಡುವಿನ ಇಳಿಜಾರು ಅರ್ಧ ವರ್ಷ ನೀರಿನ ಕೆಳಗೆ, ಅರ್ಧ ವರ್ಷ ಬಿಸಿಲಿನ ಕೆಳಗೆ. ಮಡ್ಡಿಯ ಹುಲ್ಲು ಮುಳುಗಿ ಕೊಳೆಯುತ್ತದೆ, ನೀರಿನ ಗಿಡ ಒಣಗಿ ಸಾಯುತ್ತದೆ. ಎರಡನ್ನೂ ತಾಳುವ ಕೆಲವೇ ಜಾತಿಯ ಗಿಡಗಳು, ನೀರಿನೊಡನೆ ತೇಲಿ ಬಂದ ಮುಳ್ಳುಕಾಯಿಯ ಕಸಗಳು ಅಲ್ಲಿ ಹಬ್ಬುತ್ತವೆ. ತಗ್ಗಿನಲ್ಲಿ ಹೂಳು ಕೂತಲ್ಲಿ ಜನ ಬೆಳೆ ತೆಗೆಯುತ್ತಾರೆ. ಕಡಿದಾದ ಕಡೆ ಅಲೆ ಬಡಿದು ಮಣ್ಣು ತೊಳೆದು ಕಲ್ಲು ಮೇಲೆ ಬಂದಿದೆ. ಆ ಮಣ್ಣೂ ಜಲಾಶಯಕ್ಕೇ. ಹೊಳೆಯಾಚೆಯ ತುಂಗಭದ್ರೆಯಲ್ಲಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿದೆ: 1953ರಲ್ಲಿ ಸುಮಾರು 133 ಟಿಎಂಸಿ ಇದ್ದ ಅದರ ಹೊಟ್ಟೆಯಲ್ಲಿ ಈಗ 106 ಟಿಎಂಸಿಗೂ ಜಾಗ ಸಾಲದು, ಉಳಿದದ್ದು ಹೂಳು. ಆ ಹೂಳೆಲ್ಲ ಯಾರದೋ ಹೊಲದ, ಯಾವುದೋ ಮಡ್ಡಿಯ ಮೇಲ್ಮಣ್ಣು.

ಕಾಲುವೆ ಬಂದ ಕಡೆ ಚಿತ್ರ ಪೂರಾ ತಿರುಗಿದೆ. ಮುಳವಾಡ, ಚಿಮ್ಮಲಗಿ ಏತ ನೀರಾವರಿ, ನಾರಾಯಣಪುರದ ಎಡದಂಡೆಯಿಂದ ಹೊರಟ ಇಂಡಿ ಶಾಖಾ ಕಾಲುವೆ, ಬತ್ತಿದ ಕೆರೆಗಳನ್ನು ಹೊಳೆನೀರಿನಿಂದ ತುಂಬಿದ ಯೋಜನೆ ಇವೆಲ್ಲದರಿಂದ ಬರಗಾಲದ ಸೀಮೆಗೆ ಕಬ್ಬು, ದ್ರಾಕ್ಷಿ, ದಾಳಿಂಬೆ ಬಂದವು. ಇಂಡಿಯ ಲಿಂಬೆಗಂತೂ ಭೌಗೋಳಿಕ ಸೂಚ್ಯಂಕದ ಮರ್ಯಾದೆಯೂ ದಕ್ಕಿದೆ. ನೀರಾವರಿ ಬೇಡ ಎನ್ನುವ ಹುಚ್ಚು ನನಗಿಲ್ಲ; ವರ್ಷವಿಡೀ ಹಸಿರು ಹೊದ್ದ ಹೊಲದಿಂದ ಮಣ್ಣು ಕೊಚ್ಚುವುದು ಹರಗಿದ ಹೊಲಕ್ಕಿಂತ ಕಡಿಮೆ ಎಂಬುದೂ ನಿಜ. ಆದರೆ ಗಿಡಗಳ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಕಬ್ಬಿನ ಸಾಲಿಗೆ ಅಟ್ರಾಜಿನ್, 2,4-ಡಿಯಂಥ ಕಳೆನಾಶಕ ಹೊಡೆದ ಮೇಲೆ ಹಕ್ಕರಕಿ ಎಲ್ಲಿಂದ ಬರಬೇಕು? ಜೋಳದ ಹೊಲದಲ್ಲಿ ಹೆಣ್ಣುಮಕ್ಕಳು ಉಡಿ ತುಂಬ ಕಿತ್ತು ತರುತ್ತಿದ್ದ ಪಲ್ಲೆ ಈಗ ಸಂತೆಯಲ್ಲಿ ಸಿಕ್ಕರೆ ಸಿಕ್ಕಿತು. ನೀರು ಹೆಚ್ಚಾಗಿ ಬಸಿಯದ ತಗ್ಗುಗಳಲ್ಲಿ ಸವಳು-ಜವಳು. ಬಸಿಗಾಲುವೆಯಲ್ಲಿ ಆಪು, ಕಾಲುವೆಯ ಏರಿ ಮೇಲೆ ಕಾಂಗ್ರೆಸ್ ಕಸ. ಹೆಚ್ಚಾದ ನೀರನ್ನು ಇಳಿಜಾರಿಗೆ ಬಿಟ್ಟ ಕಡೆ ಬೇಸಿಗೆಯಲ್ಲೂ ಬೆಳೆಯುವ ಕೊರಕಲುಗಳು.

ಕಾಲುವೆ ಮುಟ್ಟದ ಸಿಂದಗಿ, ಇಂಡಿ ಕಡೆಯ ಎರೆಯಲ್ಲೂ ಸದ್ದಿಲ್ಲದೆ ಒಂದು ಬದಲಾವಣೆ ನಡೆದಿದೆ. ಬಿಳಿಜೋಳ ಬಿಟ್ಟು ಮುಂಗಾರಿ ತೊಗರಿ ಹಾಕುವವರು ಹೆಚ್ಚಿದ್ದಾರೆ. ಕಾರಣ ರೊಕ್ಕ, ಜೋಳದ ಕೂಲಿಗೆ ಆಳು ಸಿಗುವುದಿಲ್ಲ. ಮಣ್ಣಿನ ಮಟ್ಟಿಗೆ ಇದು ಒಳ್ಳೆಯದೇ. ಸೆಪ್ಟೆಂಬರಿನ ಮಳೆ ಬರುವ ಹೊತ್ತಿಗೆ ತೊಗರಿ ಸೊಂಟ ಮುಟ್ಟಿ ನೆಲಕ್ಕೆ ನೆರಳಾಗಿರುತ್ತದೆ. ಜೂನ್-ಜುಲೈನಲ್ಲಿ ಮಾತ್ರ ಅಗಲ ಸಾಲುಗಳ ನಡುವೆ ನೆಲ ತೆರೆದೇ ಇರುತ್ತದೆ. ಹೆಸರನ್ನೋ ಸಜ್ಜೆಯನ್ನೋ ಅಕ್ಕಡಿ ಹಾಕುವ ಹಳೆಯ ರೂಢಿ ಆ ಸಂದನ್ನು ಮುಚ್ಚುತ್ತಿತ್ತು.

ಕೊರಕಲು ಬಿದ್ದ ಡೋಣಿ, ಭೀಮೆಯ ದಂಡೆಗಳಲ್ಲಿ, ಕೆರೆ ಅಂಗಳಗಳಲ್ಲಿ, ಬಿಟ್ಟ ಗಾಯರಾಣಗಳಲ್ಲಿ ಬೇರೆಯೇ ರಾಜ್ಯ: ಬಳ್ಳಾರಿ ಜಾಲಿಯದು. 1877ರ ಸುಮಾರಿಗೆ ಜಮೈಕಾದಿಂದ ಬೀಜ ತರಿಸಿ ಕಡಪಾ ಸೀಮೆಯಲ್ಲಿ ಹಾಕಿದ ಈ ಗಿಡ ದಖ್ಖನ್ ತುಂಬ ಹಬ್ಬಿತು. ಕಾಯಿ ಸಿಹಿ, ಕುರಿ ಆಡು ತಿನ್ನುತ್ತವೆ, ಬೀಜ ಹಿಕ್ಕೆಯೊಡನೆ ಹೊಸ ನೆಲ ಸೇರುತ್ತದೆ. ಬೇರು ಆಳಕ್ಕೆ ಹೋಗುತ್ತದೆ, ಉಪ್ಪು ನೆಲಕ್ಕೂ ಜಗ್ಗದು. ಇದ್ದಿಲು ಸುಡುವವರ ಒಲೆ ಉರಿಯುವುದು ಇದರಿಂದಲೇ. ಕೊರಕಲಿನ ಬಾಯಿ ಇನ್ನಷ್ಟು ಅಗಲವಾಗದಂತೆ ತಡೆಯುವುದೂ ಹೌದು. ಆದರೆ ಅದರ ಬುಡದಲ್ಲಿ ಬಗ್ಗಿ ನೋಡಿದರೆ ಬರೀ ನೆಲ, ಹುಲ್ಲಿಲ್ಲ. ಮೇಲೆ ಹಸಿರು ಛತ್ರಿ, ಕೆಳಗೆ ನೀರು ಹರಿದ ಗೆರೆಗಳು. ಉಪಗ್ರಹದ ಚಿತ್ರದಲ್ಲಿ ಇದೂ ಹಸಿರೇ.

ಹಸಿರಿನ ಲೆಕ್ಕದಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಅರಣ್ಯ ಶೇ 1ಕ್ಕೂ ಕಡಿಮೆ ಇರುವ ಜಿಲ್ಲೆ ಎಂಬ ಹಣೆಪಟ್ಟಿ ವಿಜಯಪುರಕ್ಕೆ ಬಹಳ ಕಾಲದಿಂದ ಅಂಟಿತ್ತು. ಅದನ್ನು ಕಿತ್ತುಹಾಕಲು 2016ರಲ್ಲಿ ಆಗಿನ ಜಲಸಂಪನ್ಮೂಲ ಸಚಿವ ಎಂ.ಬಿ. ಪಾಟೀಲರು ಕೋಟಿ ವೃಕ್ಷ ಅಭಿಯಾನ ಶುರುಮಾಡಿದರು. ಕೃಷ್ಣಾ ಭಾಗ್ಯ ಜಲ ನಿಗಮದ ಆಲಮಟ್ಟಿ ಅರಣ್ಯ ವಿಭಾಗ ಲಕ್ಷಗಟ್ಟಲೆ ಸಸಿ ಬೆಳೆಸಿ ಕೊಟ್ಟಿತು. ರಸ್ತೆ ಬದಿ, ಶಾಲೆಯ ಅಂಗಳ, ಹೊಲದ ಬದು, ಕಾಲುವೆಯ ದಂಡೆಗಳಲ್ಲಿ ಬೇವು, ಹೊಂಗೆ, ಹುಣಸೆ ನಿಂತಿವೆ. ಮೇ ತಿಂಗಳ ಬಿಸಿಲು ಕಂಡವರು ಇದನ್ನು ಲಘುವಾಗಿ ಮಾತಾಡಬಾರದು. ನನ್ನ ತಕರಾರು ಒಂದೇ, ಮಡ್ಡಿಯದು. ಗೇಣು ಮಣ್ಣಿನ ಹುಲ್ಲುನೆಲದಲ್ಲಿ ಸಾಲಾಗಿ ಗುಂಡಿ ತೋಡಿ, ಗರಸು ಮೇಲೆ ಹಾಕಿ, ನಡುವೆ ಕಂದಕ ಹೊಡೆದು ಸಸಿ ಇಟ್ಟರೆ, ಮೊದಲ ಮಳೆಗೆ ಹೋಗುವುದು ಹುಲ್ಲಿನ ಬುಡಗಳು ಇಷ್ಟು ವರ್ಷ ಕಾದಿಟ್ಟ ಮಣ್ಣು. ಮೂರು ವರ್ಷದ ಮೇಲೆ ಟ್ಯಾಂಕರ್ ನೀರು ನಿಂತಾಗ ಸಸಿಯೂ ಹೋಗುತ್ತದೆ. ಎಷ್ಟು ಸಸಿ ನೆಟ್ಟರು, ಎಷ್ಟು ಬದುಕಿದವು ಎಂದು ಕೇಳುವ ನಮೂನೆ ಕಚೇರಿಯಲ್ಲಿದೆ. ಗುಂಡಿ ತೋಡುವ ಮೊದಲು ಅಲ್ಲಿ ಯಾವ ಹುಲ್ಲಿತ್ತು ಎಂದು ಕೇಳುವ ಕಾಲಂ ಅದರಲ್ಲಿಲ್ಲ. ಕಂದಾಯದ ಕಾಗದದಲ್ಲಿ ಮಡ್ಡಿ ಎಂದರೆ ಬಂಜರು ಎಂದು ಬರೆದ ಮೇಲೆ ಅದರ ಮೇಲಿನ ಹುಲ್ಲನ್ನು ಯಾರು ನೋಡುತ್ತಾರೆ? ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಎಂಬ ಪರಿಸರ ವಿಜ್ಞಾನಿಗಳು ಇತ್ತೀಚೆಗೆ ಇಂಥ ತೆರೆದ ನೈಸರ್ಗಿಕ ಪರಿಸರಗಳ ನಕ್ಷೆ ಮಾಡಿ, ದೇಶದ ನೆಲದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಹೀಗಿದೆ ಎಂದು ತೋರಿಸಿದರು. ಅದರ ದೊಡ್ಡ ಭಾಗಕ್ಕೆ ಸರಕಾರಿ ಹೆಸರು ಇನ್ನೂ ಬಂಜರು.

ಚೀನಾದ ಲೋಯೆಸ್ ಪ್ರಸ್ಥಭೂಮಿ ಇದೇ ಪಾಠವನ್ನು ದೊಡ್ಡ ಖರ್ಚಿನಲ್ಲಿ ಕಲಿಯಿತು. ಗಾಳಿ ತಂದು ಹಾಕಿದ ಹಳದಿ ಧೂಳಿನ ನೆಲ ಅದು. ಒಂದು ಕಾಲಕ್ಕೆ ಹಳದಿ ನದಿ ವರ್ಷಕ್ಕೆ ಸುಮಾರು 160 ಕೋಟಿ ಟನ್ ಮಣ್ಣು ಹೊರುತ್ತಿತ್ತು. 1999ರಿಂದ ಕಡಿದಾದ ಇಳಿಜಾರುಗಳಲ್ಲಿ ಸಾಗುವಳಿ ನಿಲ್ಲಿಸಿ, ರೈತರಿಗೆ ಕಾಳು, ಹಣ ಕೊಟ್ಟು, ನೆಲವನ್ನು ಗಿಡ-ಹುಲ್ಲಿಗೆ ಬಿಟ್ಟರು. ತಡೆಗಟ್ಟೆಗಳೂ ಸೇರಿಕೊಂಡು ನದಿಯ ಮಣ್ಣು ಹಿಂದಿನ ಕಾಲು ಭಾಗಕ್ಕಿಂತ ಕೆಳಗೆ ಇಳಿಯಿತು. ಆದರೆ ಮಳೆ ಕಡಿಮೆ ಇದ್ದ ಕಡೆ ಒತ್ತೊತ್ತಾಗಿ ನೆಟ್ಟ ರೊಬೀನಿಯಾ ಮರಗಳು ಆಳದ ಹಸಿಯನ್ನೆಲ್ಲ ಹೀರಿ, ತಾವೂ ಕುಬ್ಜವಾಗಿ ನಿಂತವು. ಅಂಥ ಕಡೆ ಯಾರೂ ನೆಡದ, ತಾನಾಗಿ ಮರಳಿದ ಹುಲ್ಲು ಮತ್ತು ಕಂಟಿಗಳೇ ಮಣ್ಣನ್ನು ಹಿಡಿದವು, ಹೆಚ್ಚು ಬಗೆಯ ಗಿಡಗಳಿಗೂ ಜಾಗ ಕೊಟ್ಟವು.

ನಮ್ಮಲ್ಲೂ ಅದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಕೃಷ್ಣೆಯಾಚೆ ಬೀಳಗಿ, ಮುಧೋಳ ಸೀಮೆಯ ಕಲ್ಲುಗುಡ್ಡಗಳಲ್ಲಿ ಚಿಂಕಾರಗಳಿಗೆಂದು 2016ರಲ್ಲಿ ಯಡಹಳ್ಳಿ ವನ್ಯಧಾಮ ಘೋಷಣೆಯಾಯಿತು. ಕುರುಚಲು, ಹುಲ್ಲು, ಕಲ್ಲು ಇಷ್ಟೇ ಇರುವ ನೆಲ ಅದು. ಅಂಥ ನೆಲವೂ ಕಾಯಲು ಯೋಗ್ಯ ಎಂದು ಸರಕಾರ ಒಪ್ಪಿದ ಅಪರೂಪದ ಸಂದರ್ಭಗಳಲ್ಲಿ ಇದೊಂದು. ಗಾಯರಾಣಕ್ಕೆ ವನ್ಯಧಾಮದ ಬೇಲಿ ಬೇಕಿಲ್ಲ. ಬುಡಗಳು ಇನ್ನೂ ಜೀವ ಹಿಡಿದಿರುವ ಮಡ್ಡಿಯನ್ನು ಎರಡು ಮೂರು ಮಳೆಗಾಲ ಮೇಯಿಸದೆ ಬಿಟ್ಟು, ದೀಪಾವಳಿಯ ಹೊತ್ತಿಗೆ ಬೀಜ ಉದುರಿದ ಮೇಲೆ ಕೊಯ್ದು ಒಯ್ಯಲು ಊರವರಿಗೆ ಹಂಚಿದರೆ ಹುಲ್ಲು ತಾನಾಗಿ ದಟ್ಟವಾಗುತ್ತದೆ. ಪೂರಾ ಕೊಚ್ಚಿಹೋದ ಕಡೆ ಅದಷ್ಟರಿಂದ ಆಗದು. ಅಲ್ಲಿ ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಸಾಲು ಇಟ್ಟು, ಹೆಪ್ಪು ಒಡೆದು, ಹುಲ್ಲಿನ ಬೀಜ ಎರಚಬೇಕು. ಉದ್ಯೋಗ ಖಾತ್ರಿಯಲ್ಲಿ ಕಂದಕ ತೋಡಿಸುವ ಬದಲು ಇದನ್ನು ಮಾಡಿಸಬಹುದು. ಕಷ್ಟವಿರುವುದು ಬೀಜದಲ್ಲಿ, ಬೇವಿನ ಸಸಿ ಕೇಳಿದಷ್ಟು ಸಿಗುತ್ತದೆ, ಡೈಕಾಂತಿಯಮ್ ಬೀಜ ಒಂದು ಚೀಲ ಬೇಕೆಂದರೆ ಜಿಲ್ಲೆಯ ಯಾವ ಅಂಗಡಿಗೆ ಹೋಗುವುದು?

ಆಲಮಟ್ಟಿಯ ಗೇಟುಗಳನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನೀರಿನ ವ್ಯಾಜ್ಯದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗುವ ಜಮೀನಿಗೆ ದರವನ್ನೂ ಕಟ್ಟಿತು: ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಗಾಯರಾಣ ಸರಕಾರದ್ದೇ ಆದ್ದರಿಂದ ಅದರ ಪರವಾಗಿ ಅರ್ಜಿ ಹಾಕುವವರಿಲ್ಲ. ಗೇಟು ಏರಿದರೆ ನೀರಿನ ಅಂಚು ಐದು ಮೀಟರಿನಷ್ಟು ಮೇಲೆ ಹೋಗುತ್ತದೆ, ಹುಲ್ಲಿರುವ ಇಳಿಜಾರುಗಳು ಇನ್ನಷ್ಟು ಆ ಅರ್ಧ-ನೀರು ಅರ್ಧ-ಬಿಸಿಲಿನ ಪಟ್ಟಿಗೆ ಸೇರುತ್ತವೆ. ಭೂಸ್ವಾಧೀನ ಮುಗಿಯಲು ಇನ್ನೂ ಕೆಲವು ಮಳೆಗಾಲ ಹಿಡಿಯುತ್ತದೆ. ಆ ಇಳಿಜಾರುಗಳ ಹುಲ್ಲಿನ ಬೀಜ ಅಕ್ಟೋಬರ್-ನವೆಂಬರಿನಲ್ಲಿ ಬಲಿಯುತ್ತದೆ. ಲಕ್ಷಗಟ್ಟಲೆ ಸಸಿ ಬೆಳೆಸಿದ ಆಲಮಟ್ಟಿಯ ನರ್ಸರಿಗೆ ನಾಲ್ಕು ಆಳು, ಕುಡಗೋಲು, ಗೋಣಿಚೀಲ ಕೊಟ್ಟು ಈ ಬೀಜ ಕೊಯ್ಸಿ ಒಣಗಿಸಿ ಇಡುವುದು ದೊಡ್ಡ ಕೆಲಸವೇನಲ್ಲ. ಎರಡನೆಯ ವರ್ಷಕ್ಕೆ ಅದೇ ನರ್ಸರಿಯ ಮಡಿಗಳಲ್ಲಿ ಬಿತ್ತಿ ಬೀಜ ಹೆಚ್ಚಿಸಬಹುದು, ಮೂರನೆಯ ವರ್ಷ ಯಾವ ಪಂಚಾಯಿತಿ ಕೇಳುತ್ತದೋ ಅದರ ಮಡ್ಡಿಗೆ ಕೊಡಬಹುದು.